ಶಾಶ್ವತ ವಾಸಕ್ಕೆ ಅಲ್ಪಾಯುಷ್ಯದ ವೀಸಾ ಏಕೆ?

ಮಗಳಿಗೆ ಕೆನಡಾದ ಪರ್ಮನೆಂಟ್ ರೆಸಿಡೆನ್ಸಿ ಮಂಜೂರಾಗಿದೆ. ಆದರೆ ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾದ ಅವಧಿ ಕೆಲವೇ ತಿಂಗಳು. ಶಾಶ್ವತ ವಾಸ ಎಂದ ಮೇಲೆ ಈ ಗಡುವು ಏಕೆ?

ಗಡುವು ಇರುವುದು ವಾಸಕ್ಕಲ್ಲ, ಪ್ರವೇಶಕ್ಕೆ. ನಿಮ್ಮ ಮಗಳು ಇನ್ನೂ ಅಲ್ಲಿನ ಕಾಯಂ ನಿವಾಸಿಯಾಗಿಲ್ಲ. ಕೆನಡಾದಲ್ಲಿ ಇಳಿದು, ವಲಸೆ ಅಧಿಕಾರಿ ಕಾಗದಪತ್ರ ನೋಡಿ ಒಪ್ಪಿದ ಮೇಲೆಯೇ ಆ ಸ್ಥಾನ ಸಿಗುವುದು.

ಈ ಗಡುವನ್ನು ಯಾರೂ ಮನಸ್ಸಿಗೆ ಬಂದಂತೆ ಬರೆಯುವುದಿಲ್ಲ. ಪ್ರಯಾಣಕ್ಕೆ ಕಟ್ಟಿದ ಬುತ್ತಿಯಲ್ಲಿ ಚಪಾತಿ, ಚಟ್ನಿಪುಡಿ, ಮೊಸರನ್ನ ಮೂರೂ ಇದ್ದರೆ ಮೊದಲು ಹುಳಿಯುವುದು ಮೊಸರನ್ನ. ಅದಕ್ಕೆ ತಕ್ಕಂತೆ ಬುತ್ತಿ ಬಿಚ್ಚಬೇಕು. ವೀಸಾದ ಗಡುವೂ ಹಾಗೆಯೇ, ಮೊದಲು ಮುಗಿಯುವುದಕ್ಕೆ ತಕ್ಕಂತೆ. ಇಲ್ಲಿ ಮೊಸರನ್ನದ ಜಾಗದಲ್ಲಿರುವುದು ಸಾಮಾನ್ಯವಾಗಿ ವೈದ್ಯಕೀಯ ತಪಾಸಣೆ. ಅದರ ಫಲಿತಾಂಶಕ್ಕೆ 12 ತಿಂಗಳ ಆಯಸ್ಸು, ಅದೂ ತಪಾಸಣೆ ನಡೆದ ದಿನದಿಂದ. ಅರ್ಜಿ ಪರಿಶೀಲನೆಯಲ್ಲೇ ಅರ್ಧ ವರ್ಷ ಕಳೆದರೆ ಉಳಿಯುವುದು ಇನ್ನರ್ಧ. ಪಾಸ್‌ಪೋರ್ಟ್ ಅದಕ್ಕೂ ಮೊದಲೇ ಮುಗಿಯುವಂತಿದ್ದರೆ ಆ ದಿನಾಂಕವೇ ಗಡುವು. ಸಾಮಾನ್ಯವಾಗಿ ಇದನ್ನು ವಿಸ್ತರಿಸುವುದಿಲ್ಲ. ತಪ್ಪಿದರೆ ಹೊಸ ಅರ್ಜಿಯೇ ಗತಿ.

ಇಳಿದ ಮೇಲೆ ಪಿಆರ್ (ಕಾಯಂ ನಿವಾಸಿ) ಕಾರ್ಡ್ ಅಂಚೆಯಲ್ಲಿ ಬರುತ್ತದೆ, ಆದರೆ ಕೆನಡಾದ ವಿಳಾಸಕ್ಕೆ ಮಾತ್ರ. ಆ ವಿಳಾಸವನ್ನು 180 ದಿನಗಳೊಳಗೆ ಕೊಡಬೇಕು. ಇಲ್ಲಿನ ಮನೆ ವಿಳಾಸ ನಡೆಯದು.

ನೀವು ಕೇಳದಿದ್ದರೂ ಒಂದು ಮಾತು. ವೀಸಾ ಬಂದ ಖುಷಿಯಲ್ಲಿ, ಹೊರಡುವ ಮುನ್ನ ಮದುವೆ ಮುಗಿಸಿಬಿಡೋಣ ಎನ್ನುವ ಮನೆಗಳು ನಮ್ಮಲ್ಲಿ ಬಹಳ. ಹಾಗೇನಾದರೂ ಆದರೆ ವಿಮಾನ ಹತ್ತುವ ಮೊದಲೇ ವಲಸೆ ಇಲಾಖೆಗೆ ತಿಳಿಸಲೇಬೇಕು. ಹೇಳದೆ ಹೋಗಿ ಇಳಿದರೆ, ಮುಂದೆ ಅಳಿಯನನ್ನು ಕರೆಸಿಕೊಳ್ಳುವ ದಾರಿಯೇ ಮುಚ್ಚಿಹೋಗಬಹುದು.