ಸ್ಮೋಕರ್ ಕೊಳ್ಳುವ ಮುನ್ನ

ಬೇಸಿಗೆ ಬಂತೆಂದರೆ ಅಮೆರಿಕದ ಹಿತ್ತಿಲುಗಳಲ್ಲಿ ಹೊಗೆ ಏಳುತ್ತದೆ. ನಮ್ಮ ಸದಸ್ಯರ ಮನೆಗಳೂ ಇದಕ್ಕೆ ಹೊರತಲ್ಲ. ಬಾರ್ಬೆಕ್ಯೂ ಗ್ರಿಲ್ ಇದ್ದವರಿಗೆ ಸ್ಮೋಕರ್ ಬೇಕೆನಿಸುತ್ತದೆ. ಹೊಸದರ ಬೆಲೆ ಕೇಳಿದ ಮೇಲೆ ಕಣ್ಣು ಗರಾಜ್ ಸೇಲ್‌ಗಳ ಕಡೆ ಹೊರಳುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಮಾರುವವನನ್ನು ಮೊದಲು ಕೇಳಬೇಕಾದ್ದು "ಎಷ್ಟು ಹಳೆಯದು?" ಎಂದಲ್ಲ, "ಇದನ್ನು ಯಾವುದರಿಂದ ಮಾಡಿದ್ದಾರೆ?" ಎಂದು.

ಗ್ರಿಲ್‌ನಲ್ಲಿ ಕೆಂಡದ ನೇರ ಕಾವು, ನಿಮಿಷಗಳ ಕೆಲಸ. ಸ್ಮೋಕರ್‌ನಲ್ಲಿ ಸುಮಾರು 225ರಿಂದ 250 ಡಿಗ್ರಿ ಫ್ಯಾರನ್‌ಹೀಟ್ ಶಾಖ, ಗಂಟೆಗಟ್ಟಲೆ ಕಾಯುವ ಕೆಲಸ. ಗಟ್ಟಿ ಮಾಂಸದಲ್ಲಿರುವ ಕೊಲಾಜನ್ ನಿಧಾನವಾಗಿ ಜೆಲಾಟಿನ್ ಆಗಿ ಮೆತ್ತಗಾಗಲು ಅಷ್ಟು ಹೊತ್ತು ಬೇಕು. ಸೌದೆಯ ಲಿಗ್ನಿನ್ ಕಾವಿಗೆ ಒಡೆದಾಗ ಹುಟ್ಟುವ ಗ್ವಾಯಕಾಲ್, ಸಿರಿಂಗಾಲ್ ಮುಂತಾದ ವಸ್ತುಗಳಿಂದ ಆ ಪರಿಮಳ ಬರುತ್ತದೆ. ಗಾಳಿ ಸಾಲದಿದ್ದರೆ ದಟ್ಟ ಬಿಳಿ ಹೊಗೆ ಎದ್ದು ಅಡುಗೆ ಕಹಿಯಾಗುತ್ತದೆ. ತೆಳ್ಳಗಿನ ನೀಲಿ ಹೊಗೆಯೇ ಒಳ್ಳೆಯದು. ಹಸಿ ಸೌದೆ ಊದಿ ಕಣ್ಣೀರಿಟ್ಟ ನಮ್ಮ ಅಜ್ಜಿಯರಿಗೆ ಇದನ್ನು ಯಾವ ಕೆಮಿಸ್ಟೂ ಹೇಳಿಕೊಡಬೇಕಾಗಿರಲಿಲ್ಲ.

ಆದ್ದರಿಂದ ಸ್ಮೋಕರಿನ ಗುಣವೆಂದರೆ ಮೂರೇ: ಸರಾಗವಾಗಿ ತೆರೆದು ಮುಚ್ಚುವ ಗಾಳಿಕಂಡಿಗಳು, ಬಿಗಿಯಾಗಿ ಕೂಡುವ ಮುಚ್ಚಳ, ಕಾವನ್ನು ಹಿಡಿದಿಡುವ ದಪ್ಪ ಲೋಹ. ಪಕ್ಕದಲ್ಲಿ ಬೆಂಕಿಗೂಡು ಇರುವ ಆಫ್‌ಸೆಟ್ ಮಾದರಿಗೆ ಕಾಲು ಅಂಗುಲದ ಉಕ್ಕಿದ್ದರೆ ಉತ್ತಮ. ತೆಳು ತಗಡಿನ ಹೊಸದಕ್ಕಿಂತ ದಪ್ಪ ಉಕ್ಕಿನ ಹಳೆಯದೇ ಮೇಲು. ಹೊಸಬರಿಗೆ ವೆಬರ್ ಕಂಪನಿಯ ಗುಂಡನೆಯ ಕೆಟಲ್ ಕೂಡ ಸಾಕು. ಕೆಂಡವನ್ನು ಒಂದು ಪಕ್ಕಕ್ಕೆ ಸರಿಸಿದರೆ ಅದೇ ಸ್ಮೋಕರ್. 1952ರಲ್ಲಿ ಷಿಕಾಗೋ ಬಳಿ ಜಾರ್ಜ್ ಸ್ಟೀಫನ್ ಎಂಬಾತ ನೀರಿನ ಮೇಲೆ ತೇಲಿಬಿಡುವ ಲೋಹದ ಬುರುಡೆಯನ್ನು ಎರಡು ಹೋಳು ಮಾಡಿ ಇದನ್ನು ರೂಪಿಸಿದ. ಮರದ ಪುಡಿಯ ಗುಳಿಗೆ ಉರಿಸುವ ಪೆಲೆಟ್ ಮಾದರಿಗೆ ವಿದ್ಯುತ್ ಬೇಕು. ಹಳೆಯದಾದರೆ ಫ್ಯಾನು, ಗುಳಿಗೆ ತಳ್ಳುವ ತಿರುಪು ಎರಡನ್ನೂ ಓಡಿಸಿ ನೋಡದೆ ಹಣ ಕೊಡಬೇಡಿ.

ಹಳೆಯದನ್ನು ಪರೀಕ್ಷಿಸುವುದು ಸುಲಭ. ಬೆಂಕಿಗೂಡಿನ ತಳವನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ; ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ, ತೂತು ಬಿದ್ದರೆ ಬಿಟ್ಟುಬಿಡಿ. ಕತ್ತಲಲ್ಲಿ ಒಳಗೆ ಟಾರ್ಚು ಹಚ್ಚಿಟ್ಟು ಮುಚ್ಚಳ ಹಾಕಿ. ಬೆಳಕು ಸೋರುವ ಕಡೆಯೆಲ್ಲ ಹೊಗೆಯೂ ಸೋರುತ್ತದೆ.

ಇನ್ನು ಮುಖ್ಯ ಎಚ್ಚರಿಕೆ. ಕೆಲವರು ಮನೆಯಲ್ಲೇ ಜೋಡಿಸಿದ ಸ್ಮೋಕರ್‌ಗಳನ್ನು ಮಾರುತ್ತಾರೆ. ಗ್ಯಾಲ್ವನೈಸ್ ಮಾಡಿದ ತಗಡು ಬೆಂಕಿಗೂಡಿನಲ್ಲಿ ಬೇಡ; ಅತಿಯಾಗಿ ಕಾದರೆ ಸತುವಿನ ಹೊಗೆ ಬರುತ್ತದೆ, ಅದನ್ನು ಉಸಿರಾಡಿದವರಿಗೆ ಜ್ವರ, ಚಳಿ. ಹಳೆಯ ರೆಫ್ರಿಜರೇಟರಿನ ತಂತಿ ತಟ್ಟೆಗಳನ್ನು ಜಾಲರಿಯಾಗಿ ಬಳಸಲೇಬಾರದು; ಕೆಲವಕ್ಕೆ ಕ್ಯಾಡ್ಮಿಯಂ ಲೇಪವಿರುತ್ತದೆ, ಕಾವಿಗೆ ಅದು ಆಹಾರಕ್ಕೆ ಸೇರುತ್ತದೆ. 55 ಗ್ಯಾಲನ್ ಪೀಪಾಯಿಯಾದರೆ ಒಳಗೆ ಮೊದಲು ಏನಿತ್ತೆಂದು ಕೇಳಿ. ಉತ್ತರ ಸಿಗದಿದ್ದರೆ ನಮಸ್ಕಾರ ಹೇಳಿ ಬನ್ನಿ. ಕಿತ್ತುಹಾಕಿದ ಡೆಕ್‌ನ ಮರವನ್ನಂತೂ ಸೌದೆ ಮಾಡಬೇಡಿ. 2003ರ ಕೊನೆಯವರೆಗೆ ಇಲ್ಲಿ ಮನೆಗಳಿಗೆ ಬಳಸುತ್ತಿದ್ದ ಸಂಸ್ಕರಿಸಿದ ಮರದಲ್ಲಿ ಸಾಮಾನ್ಯವಾಗಿ ಆರ್ಸೆನಿಕ್ ಇರುತ್ತಿತ್ತು. ಈ ವಿಷಗಳನ್ನು ನಾಲಿಗೆ ಗುರುತಿಸಲಾರದು; ಮಕ್ಕಳ ತಟ್ಟೆಗೆ ಬಡಿಸುವ ಮುನ್ನ ನಾವೇ ಗುರುತಿಸಬೇಕು.

ಮಳೆ ಬಂತೆಂದು ಸ್ಮೋಕರನ್ನು ಗರಾಜಿನೊಳಗೆ ಎಳೆಯಬೇಡಿ. ಬಾಗಿಲು ತೆರೆದಿದ್ದರೂ ಇಂಗಾಲದ ಮಾನಾಕ್ಸೈಡ್ ಮನೆಯೊಳಕ್ಕೆ ನುಗ್ಗಬಹುದು; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಳದ ಮೇಲಿನ ಉಷ್ಣಮಾಪಕವನ್ನು ನಂಬದೆ, ಚುಚ್ಚಿ ನೋಡುವಂಥದೊಂದನ್ನು ಕೊಳ್ಳಿ. ಕೋಳಿಯ ಒಳಭಾಗ 165 ಡಿಗ್ರಿ ಮುಟ್ಟಲೇಬೇಕು.

ಶಾಕಾಹಾರಿ ಸದಸ್ಯರು ಇದು ತಮಗಲ್ಲವೆಂದು ಪುಟ ತಿರುಗಿಸಬೇಕಾಗಿಲ್ಲ. ಬೇರೆ ಜಾಲರಿ ಇಟ್ಟುಕೊಂಡು, ಮಾಂಸ ಏರಿಸುವ ಮುಂಚೆ ಬದನೆಕಾಯಿ ಇಟ್ಟು ನೋಡಿ. ಹೊಗೆಯಲ್ಲಿ ಬೆಂದ ಬದನೆಕಾಯಿಯ ಗೊಜ್ಜಿಗೆ ಕೆಂಡದಲ್ಲಿ ಸುಟ್ಟ ಊರಿನ ರುಚಿಯೇ ಬರುತ್ತದೆ. ಮುಂದಿನ ಪಿಕ್ನಿಕ್ಕಿನಲ್ಲಿ ಮೊದಲು ಖಾಲಿಯಾಗುವ ಪಾತ್ರೆ ಅದೇ ಆದರೆ ಆಶ್ಚರ್ಯವಿಲ್ಲ.