ಹಿರಿಯರು ಎಲ್ಲಿರಬೇಕು?



ನಮ್ಮ ತಾವರಗೇರಾ ಭಾಗದಲ್ಲಿ ಸುಗ್ಗಿ ಮುಗಿದರೆ ಗುಳೆ ಹೊರಡುವ ಕಾಲ. ಮಂಗಳೂರು, ಉಡುಪಿ, ಗೋವಾ, ಬೆಂಗಳೂರು ಎಂದು ದುಡಿಯುವ ಜನ ಬಸ್ಸು ಹತ್ತುತ್ತಾರೆ. ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ. ಊರಲ್ಲಿ ಉಳಿಯುವವರು ಮುದುಕರು ಮತ್ತು ಸಣ್ಣ ಮಕ್ಕಳು.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಒಂದು ರಾತ್ರಿ ಪುಸ್ತಕ ಬದಿಗಿಟ್ಟು ಕೇಳಿದರು.

"ಅಕ್ಕೋರ, ನಮ್ಮತ್ತಿಗೆ ಎಪ್ಪತ್ತೈದು ದಾಟ್ಯಾವ. ಒಲಿ ಹಚ್ಚಿ ಮರತು ಬಿಡ್ತಾರ. ರಾತ್ರಿ ಎದ್ದು ಹೊರಗ ನಡೀತಾರ. ನಾವು ಗುಳೆ ಹೋದ್ರ ಇವರನ್ನ ನೋಡೋರು ಯಾರ್ರೀ? ವೃದ್ಧಾಶ್ರಮಕ್ಕ ಬಿಟ್ರ ಮಂದಿ ಏನಂತಾರ?"

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರೇ ತಮ್ಮ ಮನೆಯ ಮಾತು ತೆಗೆದರು. ಅವತ್ತು ನಾವೆಲ್ಲ ಕೂಡಿ ಮಾತಾಡಿದ್ದನ್ನು, ತಿಳಿದವರನ್ನು ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆದಿದ್ದೇವೆ.

ಇದು ಒಬ್ಬರ ಮನೆಯ ಮಾತಲ್ಲ

2011ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಹೆಚ್ಚು ಇದ್ದರು. ಅವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಇಂದು ಸೊಸೆಯಾದವಳು ನಾಳೆ ಅತ್ತೆಯಾಗುತ್ತಾಳೆ. ಆದ್ದರಿಂದ ಇದು ನಮ್ಮ ನಾಳೆಯ ಮಾತೂ ಹೌದು.

ಮೊದಲು ಆಸ್ಪತ್ರೆಗೆ

"ವಯಸ್ಸಾತು, ಅರವು ಮರವು" ಎಂದು ಸುಮ್ಮನಿರಬಾರದು. ಕೆಲವು ಮರೆವಿಗೆ ಔಷಧ ಇದೆ. ಥೈರಾಯ್ಡ್ ತೊಂದರೆ ಇದ್ದರೆ ಮರೆವು ಬರಬಹುದು. ಬಿ12 ಎಂಬ ಜೀವಸತ್ವ ಕಡಿಮೆಯಾದರೂ ಬರಬಹುದು. ಮನಸ್ಸಿನ ಕೊರಗಿನಿಂದಲೂ, ಕೆಲವು ಗುಳಿಗೆಗಳಿಂದಲೂ ಬರಬಹುದು. ಕಣ್ಣಿಗೆ ಪೊರೆ ಬಂದವರು, ಕಿವಿ ಕೇಳದವರು ಗೊಂದಲಪಡುತ್ತಾರೆ. ನಾವು ಅದನ್ನು ಅರಳು ಮರಳು ಎಂದುಬಿಡುತ್ತೇವೆ. ಪೊರೆಯ ಶಸ್ತ್ರಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ನಿಜವಾದ ಮರೆವಿನ ಕಾಯಿಲೆ ಬೇರೆ. ಡಾಕ್ಟರರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಇದು ಮಿದುಳಿಗೆ ಬರುವ ಕಾಯಿಲೆ. ಗಾಳಿ ಸೋಕಿದ್ದಲ್ಲ, ದೆವ್ವವಲ್ಲ, ಹಟವೂ ಅಲ್ಲ. ಊಟ ಮಾಡಿದವರು "ನನಗ ಊಟಾನ ಕೊಟ್ಟಿಲ್ಲ" ಎಂದರೆ ಅವರು ಸುಳ್ಳು ಹೇಳುತ್ತಿಲ್ಲ. ಉಂಡದ್ದು ಅವರ ನೆನಪಿನಲ್ಲಿ ಇರುವುದಿಲ್ಲ. ಇದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ. ಕೊಪ್ಪಳದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ತೋರಿಸಬಹುದು.

ಯಾವಾಗ ಯೋಚಿಸಬೇಕು?

ಈ ನಾಲ್ಕು ಮಾತು ನೋಡಿರಿ.

1. ಮನೆಯಲ್ಲಿ ಅವರ ಜೀವಕ್ಕೆ ಅಪಾಯ ಇದೆಯೇ? ಒಲೆ, ಗ್ಯಾಸು ಮರೆಯುತ್ತಾರೆಯೇ? ದಾರಿ ತಪ್ಪುತ್ತಾರೆಯೇ? ಪದೇ ಪದೇ ಬೀಳುತ್ತಾರೆಯೇ?

2. ಮೈ ತೊಳೆಯಲು, ಎತ್ತಿ ಕೂರಿಸಲು, ಹೊತ್ತಿಗೆ ಗುಳಿಗೆ ಕೊಡಲು ಮನೆಯಲ್ಲಿ ಆಳು ಇದೆಯೇ? ಮಲಗಿದಲ್ಲೇ ಮಲಗಿ ಬೆನ್ನಿಗೆ ಹುಣ್ಣಾಗಿದೆಯೇ?

3. ನೋಡಿಕೊಳ್ಳುವವರ ಗತಿ ಏನು? ರಾತ್ರಿ ನಿದ್ದೆ ಇಲ್ಲ, ಹಗಲು ಕೂಲಿ ತಪ್ಪುವುದಿಲ್ಲ. ಹೀಗೆ ತಿಂಗಳುಗಟ್ಟಲೆ ನಡೆದರೆ ನೋಡಿಕೊಳ್ಳುವವಳೇ ಹಾಸಿಗೆ ಹಿಡಿಯುತ್ತಾಳೆ. ಸಿಟ್ಟಿನಲ್ಲಿ ಕೈ ಎತ್ತುವ ಹಂತ ಬಂದರೆ ಇಬ್ಬರಿಗೂ ಸಹಾಯ ಬೇಕು ಎಂದು ತಿಳಿಯಿರಿ.

4. ಗುಳೆ ಹೋದಾಗ ಅವರ ಜೊತೆ ದೊಡ್ಡವರು ಯಾರಾದರೂ ಇರುತ್ತಾರೆಯೇ? ಹತ್ತು ವರ್ಷದ ಮಗುವಿನ ಕೈಗೆ ಮುದುಕಿಯನ್ನು ಒಪ್ಪಿಸಿದರೆ ಮಗುವಿನ ಶಾಲೆಯೂ ಹೋಯಿತು, ಮುದುಕಿಯ ಆರೈಕೆಯೂ ಆಗಲಿಲ್ಲ.

ಅತ್ತೆ ಸೊಸೆಯ ಜಗಳ, ಕೆಮ್ಮಿನ ಸದ್ದು, ಆಸ್ತಿಯ ಆಸೆ ಇವು ಕಾರಣಗಳಲ್ಲ. "ಮಂದಿ ಏನಂತಾರ" ಎಂಬುದು ಮನೆಯಲ್ಲೇ ಇಟ್ಟುಕೊಳ್ಳಲು ಕಾರಣವೂ ಅಲ್ಲ. ಮಂದಿ ರಾತ್ರಿ ಎದ್ದು ನೀರು ಕೊಡುವುದಿಲ್ಲ.

ಹೊಣೆ ಯಾರದು?

ಹಿರಿಯರಿಗಾಗಿ 2007ರಲ್ಲಿ ಒಂದು ಕಾನೂನು ಬಂದಿದೆ. ಮಗ, ಮಗಳು, ದೊಡ್ಡವರಾದ ಮೊಮ್ಮಕ್ಕಳು ಹಿರಿಯರನ್ನು ನೋಡಿಕೊಳ್ಳಬೇಕು ಎಂದು ಅದು ಹೇಳುತ್ತದೆ. ಮಕ್ಕಳು ಯಾರು ಎಂದು ಹೇಳುವಲ್ಲಿ ಕಾನೂನು ಸೊಸೆಯ ಹೆಸರು ಹೇಳಿಲ್ಲ. ಆದರೆ ಮನೆಯಲ್ಲಿ ಕೆಲಸವೆಲ್ಲ ಬೀಳುವುದು ಸೊಸೆಯ ಮೇಲೆ! ಆದ್ದರಿಂದ ಅಣ್ಣ ತಮ್ಮಂದಿರನ್ನೂ ಹೆಣ್ಣು ಮಕ್ಕಳನ್ನೂ ಕೂರಿಸಿ ಮಾತಾಡಿರಿ. ಯಾರು ಎಷ್ಟು ತಿಂಗಳು ನೋಡಿಕೊಳ್ಳುತ್ತಾರೆ? ಯಾರು ಎಷ್ಟು ಹಣ ಕೊಡುತ್ತಾರೆ? ಕಾಗದದ ಮೇಲೆ ಬರೆದಿಡಿರಿ. ಎಷ್ಟೋ ಮನೆಯಲ್ಲಿ ಇಷ್ಟಕ್ಕೇ ದಾರಿ ಸಿಗುತ್ತದೆ.

ಮಕ್ಕಳು ನೋಡಿಕೊಳ್ಳದಿದ್ದರೆ ಹಿರಿಯರು ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಅವರು ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಹಿರಿಯರನ್ನು ಬಸ್ ನಿಲ್ದಾಣದಲ್ಲೋ ಜಾತ್ರೆಯಲ್ಲೋ ಬಿಟ್ಟು ಕೈ ತೊಳೆದುಕೊಂಡರೆ ಅದು ಅಪರಾಧ. ಮೂರು ತಿಂಗಳ ಜೈಲು, 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಅವರನ್ನೇ ಕೇಳಿರಿ

ಎತ್ತು ಮಾರುವಾಗಲೂ ನಾಲ್ಕು ಮಂದಿಯನ್ನು ಕೇಳುತ್ತೇವೆ. ಹೆತ್ತವರನ್ನು ಕಳಿಸುವಾಗ ಅವರನ್ನೇ ಕೇಳುವುದಿಲ್ಲ. "ಜಾತ್ರಿಗೆ ಹೋಗೂಣು ಬಾ" ಎಂದು ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿರಿ. ಅವರಿಗೆ ಇನ್ನೂ ತಿಳಿವಳಿಕೆ ಇರುವಾಗಲೇ, ಬಿದ್ದು ಕಾಲು ಮುರಿಯುವ ಮೊದಲೇ, ಮಾತು ತೆಗೆಯಿರಿ. ಒಂದೇ ದಿನಕ್ಕೆ ಉತ್ತರ ಬರುವುದಿಲ್ಲ. ಬೇಡ ಎಂದರೆ ಯಾಕೆ ಬೇಡ ಎಂದು ಕೇಳಿರಿ.

ಹೋಗಿ ನೋಡಿರಿ

ಮನೆಯವರು ಮೊದಲು ತಾವೇ ಆಶ್ರಮಕ್ಕೆ ಹೋಗಬೇಕು. ಊಟದ ಹೊತ್ತಿಗೆ ಹೋಗಿರಿ. ಊಟ, ಹಾಸಿಗೆ, ಕಕ್ಕಸು ನೋಡಿರಿ. ಅಲ್ಲಿರುವ ಹಿರಿಯರ ಮುಖ ನೋಡಿರಿ. ಇಷ್ಟು ಕೇಳಿರಿ: ರಾತ್ರಿ ಯಾರು ಇರುತ್ತಾರೆ? ಡಾಕ್ಟರು ಬರುತ್ತಾರೆಯೇ? ಹಣ ಎಷ್ಟು? ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತೀರಾ? ಹಬ್ಬಕ್ಕೆ ಮನೆಗೆ ಕಳಿಸುತ್ತೀರಾ? ಮೊದಲು ಒಂದು ತಿಂಗಳು ಇದ್ದು ನೋಡಲಿ.

ಎಲ್ಲಿ ವಿಚಾರಿಸುವುದು? ಕೊಪ್ಪಳದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿ ಇದೆ. 14567 ಎಂಬ ನಂಬರಿಗೆ ಫೋನು ಮಾಡಬಹುದು. ಇದು ಹಿರಿಯರ ಸಹಾಯವಾಣಿ. ಇದಕ್ಕೆ ದುಡ್ಡು ಬೇಕಿಲ್ಲ.

ಹೆಬ್ಬೆಟ್ಟು ಒತ್ತುವ ಮೊದಲು

ಹಿರಿಯರ ಕೈಯಿಂದ ಹೊಲ ಮನೆ ಬರೆಸಿಕೊಂಡು ಆಮೇಲೆ ಆಶ್ರಮಕ್ಕೆ ಕಳಿಸುವವರೂ ಇದ್ದಾರೆ. ದಾನಪತ್ರ ಮಾಡುವುದಾದರೆ "ನನ್ನನ್ನು ಕಡೆತನಕ ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಅದರಲ್ಲಿ ಬರೆಸಬೇಕು. ಷರತ್ತು ಇದ್ದು, ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಇದೂ 2007ರ ಕಾನೂನಿನಲ್ಲೇ ಇದೆ. ಸಂಧ್ಯಾ ಸುರಕ್ಷಾ ಪಿಂಚಣಿ, ಅಂದರೆ ನಾವು ಮುದುಕರ ಪಗಾರ ಎನ್ನುವುದು, ಹಿರಿಯರ ಹಣ. ಅದರ ಪಾಸ್‌ಬುಕ್ಕು ಅವರ ಹತ್ತಿರವೇ ಇರಲಿ. ಪಿಂಚಣಿ ಇನ್ನೂ ಆಗದಿದ್ದರೆ ನಾಡಕಚೇರಿಯಲ್ಲಿ ಕೇಳಿರಿ.

ಆ ಅಕ್ಕ ಏನು ಮಾಡಿದರು?

ಮೊದಲು ಅತ್ತೆಯನ್ನು ಆಸ್ಪತ್ರೆಗೆ ತೋರಿಸಿದರು. ಪೊರೆ ತೆಗೆಸಿದ ಮೇಲೆ ಕಣ್ಣು ಸರಿಯಾಯಿತು. ಮರೆವು ಮಾತ್ರ ಹಾಗೇ ಉಳಿಯಿತು. ಒಂದು ವರ್ಷ ಮಗಳ ಮನೆಯಲ್ಲಿ ಇಟ್ಟರು. ಮಗಳಿಗೂ ಆಗಲಿಲ್ಲ. ಆಗ ಎಲ್ಲರೂ ಕೂತು ಮಾತಾಡಿದರು. ಅತ್ತೆಯನ್ನೂ ಕೂರಿಸಿಕೊಂಡರು. ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು:

"ಪಂಚಮಿಗೆ ಕರಕೊಂಡು ಬರ್ತೀವಿ ಅಂದ್ರ ಹೋಗ್ತೀನಿ. ನನ್ನ ಕೌದಿ ನನಗ ಕೊಡ್ರಿ."

ಅಕ್ಕ ಎರಡು ಆಶ್ರಮ ನೋಡಿ ಬಂದರು. ಮೊದಲನೆಯದರ ಗೋಡೆಯ ಮೇಲೆ ನಿಯಮಗಳ ಬೋರ್ಡು ಇತ್ತು. ಅಕ್ಕ ಅಕ್ಷರ ಅಕ್ಷರ ಕೂಡಿಸಿ ಓದಿದರು. "ಹಾಸಿಗೆ ಹಿಡಿದವರನ್ನು ವಾಪಸು ಕಳಿಸಲಾಗುವುದು" ಎಂದು ಬರೆದಿತ್ತು. ಅದನ್ನು ಬಿಟ್ಟು ಎರಡನೆಯದಕ್ಕೆ ಸೇರಿಸಿದರು. ಕೌದಿ, ವಿಭೂತಿ, ಮೊಮ್ಮಕ್ಕಳ ಫೋಟೋ ಕೊಟ್ಟು ಬಂದರು. ಬರುವಾಗ ಬಸ್ಸಿನಲ್ಲಿ ಅತ್ತರಂತೆ. "ಭಾರ ಇಳೀತು ಅಂತನೂ ಅತ್ತೆ, ಬಿಟ್ಟು ಬಂದೆ ಅಂತನೂ ಅತ್ತೆ" ಎಂದು ನಮಗೆ ಹೇಳಿದರು. ಎರಡೂ ನಿಜ. ಅದರಲ್ಲಿ ನಾಚಿಕೆ ಇಲ್ಲ.

ಈಗ ವಾರಕ್ಕೊಮ್ಮೆ ಫೋನು ಮಾಡುತ್ತಾರೆ. ಪಂಚಮಿಗೆ ಕರೆದುಕೊಂಡು ಬಂದಿದ್ದರು. ಕಳಿಸಿದರೆ ಸಂಬಂಧ ಹರಿಯುವುದಿಲ್ಲ. ಮರೆತರೆ ಹರಿಯುತ್ತದೆ.

ಕೂಡಿ ಮಾತಾಡೋಣ

1. ನಿಮ್ಮ ಓಣಿಯಲ್ಲಿ ಒಬ್ಬರೇ ಇರುವ ಹಿರಿಯರು ಎಷ್ಟು ಮಂದಿ? ಅವರನ್ನು ಯಾರು ನೋಡುತ್ತಾರೆ?
2. ನಿಮ್ಮ ಮನೆಯಲ್ಲಿ ಆರೈಕೆಯ ಕೆಲಸ ಯಾರು ಮಾಡುತ್ತಾರೆ? ಅದನ್ನು ಹಂಚಿಕೊಳ್ಳಬಹುದೇ?
3. ನೀವು ಮುದುಕಿಯಾದಾಗ ಎಲ್ಲಿರಲು ಬಯಸುತ್ತೀರಿ? ಎರಡು ಸಾಲು ಬರೆಯಿರಿ.