ಭಾನುವಾರದ ಒಂದು ಗಂಟೆ

ಗಣಕಯಂತ್ರದ ಪರದೆಯ ಮೇಲೆ ‘ತೆರೆ’, ‘ಉಳಿಸು’, ‘ಹುಡುಕು’ ಎಂಬ ಕನ್ನಡ ಪದಗಳನ್ನು ಕಂಡಾಗ, ಯಾರೋ ಸಂಬಳದ ನೌಕರರು ಅವನ್ನು ಬರೆದಿರಬೇಕೆಂದು ಭಾವಿಸುವುದು ಸಹಜ. ಆದರೆ ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶಗಳಲ್ಲಿ ಬಿಡುವಿನ ವೇಳೆಯಲ್ಲಿ ದುಡಿಯುವ ಸ್ವಯಂಸೇವಕರ ಪಾಲು ದೊಡ್ಡದು.

ಗೋಕಾಕದ ಕಾಲೇಜು ವಿದ್ಯಾರ್ಥಿ, ಮೂಡಲಗಿಯ ಬ್ಯಾಂಕ್ ಗುಮಾಸ್ತ, ಹುಕ್ಕೇರಿಯ ಶಿಕ್ಷಕಿ ಈ ಕೆಲಸಕ್ಕೆ ಕೈಹಾಕಿದರೆನ್ನಿ. ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ; ಇಂಟರ್ನೆಟ್ ಇದ್ದರೆ ಸಾಕು. ಇಲ್ಲದಿರುವುದು ವೇಳೆ! ಒಬ್ಬನಿಗೆ ಪರೀಕ್ಷೆ, ಇನ್ನೊಬ್ಬರಿಗೆ ಮಾರ್ಚ್ ತಿಂಗಳ ಲೆಕ್ಕ, ಮತ್ತೊಬ್ಬರಿಗೆ ಉತ್ತರಪತ್ರಿಕೆಗಳ ರಾಶಿ. ಎರಡು ತಿಂಗಳ ನಂತರ ಮರಳಿ ಬಂದಾಗ ಏನೇನು ಬದಲಾಗಿದೆಯೋ ತಿಳಿಯದು. ಹೀಗೆ ಕೈಬಿಟ್ಟವರಿಗೆ ಆಸಕ್ತಿ ಬತ್ತಿತೆನ್ನುವುದು ತಪ್ಪು. ಅವರಿಗೆ ಸುದ್ದಿ ತಲುಪಿರುವುದಿಲ್ಲ, ಅಷ್ಟೆ.

ಸುದ್ದಿ ತಲುಪದಿದ್ದರೆ ಆಗುವ ನಷ್ಟವನ್ನು ಅನುವಾದದಲ್ಲಿ ಸ್ಪಷ್ಟವಾಗಿ ಕಾಣಬಹುದು. ‘ಕಡತವನ್ನು ಅಳಿಸಬೇಕೆ?’ ಎಂದು ವಿದ್ಯಾರ್ಥಿ ಒಂದು ವಾಕ್ಯವನ್ನು ಕನ್ನಡಿಸಿರುತ್ತಾನೆ. ಬಳಿಕ ತಂತ್ರಾಂಶ ಬರೆದವರು ಮೂಲ ಇಂಗ್ಲಿಷ್ ವಾಕ್ಯಕ್ಕೆ ‘ಶಾಶ್ವತವಾಗಿ’ ಎಂಬ ಅರ್ಥದ ಪದವನ್ನು ಸೇರಿಸುತ್ತಾರೆ. ಆಗ ಹಳೆಯ ಅನುವಾದಕ್ಕೆ ‘ಫಜಿ’, ಅಂದರೆ ಸಂದೇಹಾಸ್ಪದ, ಎಂಬ ಗುರುತು ಬೀಳುತ್ತದೆ. ಯಾರಾದರೂ ಪರಿಶೀಲಿಸುವವರೆಗೆ ಪರದೆಯಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ವಾಕ್ಯವೇ ಕಾಣುತ್ತದೆ. ಈ ಎಚ್ಚರಿಕೆ ಸರಿಯಾದದ್ದೇ. ಇಲ್ಲವಾದರೆ ಕಡತ ಮರಳಿ ಸಿಗುತ್ತದೆಂದು ನಂಬಿ ಯಾರೋ ಗುಂಡಿ ಒತ್ತಿಬಿಟ್ಟಾರು. ಆದರೆ ವಿದ್ಯಾರ್ಥಿಗೆ ಯಾರೂ ತಿಳಿಸದಿದ್ದರೆ, ಅವನು ಮಾಡಿದ ಕನ್ನಡ ಅವನಿಗೆ ಗೊತ್ತಿಲ್ಲದಂತೆಯೇ ಮಾಯವಾಗುತ್ತದೆ.

ಗ್ನೋಮ್ ಎಂಬ ಮುಕ್ತ ತಂತ್ರಾಂಶ ಇದಕ್ಕೊಂದು ಉಪಾಯ ಮಾಡಿದೆ. ಅದರ ಹೊಸ ಆವೃತ್ತಿ ಆರು ತಿಂಗಳಿಗೊಮ್ಮೆ ಬರುತ್ತದೆ. ಬಿಡುಗಡೆಗೆ ಕೆಲವು ವಾರ ಮೊದಲು ಪರದೆಯ ವಾಕ್ಯಗಳನ್ನು ಬದಲಿಸುವುದನ್ನು ನಿಲ್ಲಿಸುತ್ತಾರೆ. ಇದರ ಹೆಸರು ‘ಸ್ಟ್ರಿಂಗ್ ಫ್ರೀಜ್’. ಅನಂತರ ಬದಲಿಸಲೇಬೇಕಾದರೆ ಅನುಮತಿ ಬೇಕು. ದಿನಾಂಕ ಮೊದಲೇ ಪ್ರಕಟವಾಗುವುದರಿಂದ ಮೂಡಲಗಿಯ ಗುಮಾಸ್ತರು ಎರಡು ಭಾನುವಾರಗಳನ್ನು ಅದಕ್ಕೆಂದೇ ತೆಗೆದಿಡಬಹುದು.

ಹಾಗೆಂದು ಕಂಡದ್ದನ್ನೆಲ್ಲ ಎಲ್ಲರಿಗೂ ಕಳುಹಿಸುವುದೂ ಉಪಯೋಗವಿಲ್ಲ. ದಿನಕ್ಕೆ ನೂರು ಸಂದೇಶ ಬಂದರೆ ಒಂದೂ ಬಾರದಂತೆಯೇ ಎಂಬುದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿರುವ ಪಾಲಕರಿಗೆ ಗೊತ್ತಿರುವ ಮಾತೇ. ವಿಕಿಪೀಡಿಯವನ್ನು ನಡೆಸುವ ‘ಮೀಡಿಯಾವಿಕಿ’ ಕೂಡ ಮುಕ್ತ ತಂತ್ರಾಂಶ. ಅದರಲ್ಲಿನ ಬದಲಾವಣೆಗಳನ್ನು ತಿಳಿಸಲು 2013ರಲ್ಲಿ ‘ಟೆಕ್ ನ್ಯೂಸ್’ ಎಂಬ ವಾರದ ಸುದ್ದಿಪತ್ರ ಆರಂಭವಾಯಿತು. ಈಚೆಗೆ ಏನು ಬದಲಾಯಿತು, ಈ ವಾರ ಏನು ಬದಲಾಗಲಿದೆ ಎಂಬುದನ್ನು ಅದು ಸರಳ ಭಾಷೆಯಲ್ಲಿ, ಚಿಕ್ಕದಾಗಿ ಹೇಳುತ್ತದೆ. ಚರ್ಚೆಯೆಲ್ಲ ಬೇಕಾದವರಿಗೆ ಕೊಂಡಿಗಳಿವೆ.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇಂಥ ಮಾತುಕತೆಯ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರು. ಹೆಸರಿಟ್ಟವರ ಜಾಣ್ಮೆಯನ್ನು ಮೆಚ್ಚಬೇಕು! ಊರಿನ ಕಟ್ಟೆಯ ಮಾತು ಹೊಲಕ್ಕೆ ಹೋದವನ ಕಿವಿಗೆ ಬೀಳದು. ಈ ಕಟ್ಟೆಯ ಮಾತು ಅವನು ಬರುವವರೆಗೂ ಬರಹದಲ್ಲಿ ಉಳಿದಿರುತ್ತದೆ.

ವಿಕಿಪೀಡಿಯದ ಲೇಖನವೊಂದನ್ನು ತಿದ್ದಿದವರು ಕಾರಣ ಬರೆಯಲೆಂದು ಒಂದು ಸಾಲಿನ ಜಾಗವೂ ಇದೆ. ಹೊಸಬರು ಅದನ್ನು ಖಾಲಿ ಬಿಡುವುದೇ ಹೆಚ್ಚು. ಗೋಕಾಕ ಜಲಪಾತದ ಎತ್ತರ ಸುಮಾರು 52 ಮೀಟರ್. ಆ ಅಂಕಿಯನ್ನು ಯಾರೋ ಕಾರಣ ಬರೆಯದೆ ಬದಲಿಸಿದರೆ, ಅದು ತಿದ್ದುಪಡಿಯೋ ಕಿಡಿಗೇಡಿತನವೋ ಎಂದು ಹುಕ್ಕೇರಿಯ ಶಿಕ್ಷಕಿ ಹುಡುಕಿ ನೋಡಬೇಕು. ಆ ಭಾನುವಾರದ ಒಂದು ಗಂಟೆ ಅಷ್ಟಕ್ಕೇ ಮುಗಿಯುತ್ತದೆ.